ಶ್ ಸಾರ್ ಮತ್ತು ಎರಡು ಹೆಡರ್

ಬಿರುಕು ಇದ್ದದ್ದು ಕಿರುಬೆರಳಿನಷ್ಟು. ಸದ್ದು ಮಾತ್ರ ಎರಡು ಬೀದಿಯಷ್ಟು.

ಬಿರುಕು ಬಿಟ್ಟಿದ್ದು ಶ್ ಸಾರ್ ಕಾರಿನ ಹೆಡರ್. ಇಂಜಿನ್ನಿನಿಂದ ಹೊರಬರುವ ಬಿಸಿ ಹೊಗೆಯನ್ನು ಮೊದಲು ಹಿಡಿದುಕೊಂಡು ಹಿಂದಿನ ಸೈಲೆನ್ಸರಿಗೆ ದಾಟಿಸುವ ಜೋಡಿ ಪೈಪು ಅದು. ಬೇರೆ ಕಾರಾಗಿದ್ದರೆ ಇಷ್ಟು ರಂಪ ಆಗುತ್ತಿರಲಿಲ್ಲವೇನೋ. ಇದು ರೋಟರಿ ಇಂಜಿನ್ನಿನ ಹಳೇ ಕೆಂಪು ಸ್ಪೋರ್ಟ್ಸ್ ಕಾರು. ಇದರೊಳಗೆ ಪಿಸ್ಟನ್ನುಗಳು ಮೇಲೆ ಕೆಳಗೆ ಕುಣಿಯುವುದಿಲ್ಲ, ಮೂರು ಮೂಲೆಯ ಎರಡು ರೋಟರುಗಳು ಗಿರಗಿರನೆ ತಿರುಗುತ್ತವೆ. ಸ್ಟಾರ್ಟ್ ಮಾಡಿದರೆ ಸಾವಿರ ಜೇನ್ನೊಣಗಳು ತಗಡಿನ ಡಬ್ಬಿಯೊಳಗೆ ಕುಸ್ತಿಗೆ ಬಿದ್ದಂತೆ.

ತಮಾಷೆಯೆಂದರೆ ಇದರ ಯಜಮಾನ ಲೈಬ್ರರಿಯನ್. ದಿನವಿಡೀ ತುಟಿ ಮೇಲೆ ಬೆರಳಿಟ್ಟು 'ಶ್!' ಎನ್ನುವುದೇ ಕೆಲಸ. ಹಾಗಾಗಿ ಎಲ್ಲರಿಗೂ ಅವರು ಶ್ ಸಾರ್.

ಅವತ್ತು ಬೆಳಿಗ್ಗೆ ಅವರ ಅಪಾರ್ಟ್‌ಮೆಂಟಿನ ಬೋರ್ಡಿನಲ್ಲಿ ನೋಟಿಸು ತೂಗುತ್ತಿತ್ತು: 'ಕೆಂಪು ಕಾರಿಗೆ ಇಂದು ಸಂಜೆ ಆರಕ್ಕೆ ಕಿವಿ ಪರೀಕ್ಷೆ. ಸದ್ದು ಬಂದರೆ ಪಾರ್ಕಿಂಗ್ ಜಾಗ ರದ್ದು.' ಸಹಿ ಹಾಕಿದವರು ಸಂಘದ ಅಧ್ಯಕ್ಷರು. ರೈಲ್ವೆ ಗಾರ್ಡ್ ಕೆಲಸದಿಂದ ನಿವೃತ್ತರಾಗಿ ಆರು ವರ್ಷವಾದರೂ ಕೊರಳಲ್ಲಿ ಸೀಟಿ ಹಾಗೇ ಇತ್ತು. ಬೀದಿಯಲ್ಲಿ ಕಾರು ನಿಲ್ಲಿಸುವ ಹಾಗಿಲ್ಲ. ಜಾಗ ಹೋದರೆ ಕಾರನ್ನೇ ಮಾರಬೇಕು.

"ಇವತ್ತೇ ಹೊಸ ಹೆಡರ್ ಹಾಕಿಸ್ಕೊಂಡು ಬನ್ನಿ. ಪಾಸಾದ್ರೆ ಕಾರು ಇರ್ಲಿ, ಇಲ್ಲಾಂದ್ರೆ ಮಾರ್ಬಿಡಿ" ಎಂದಳು ಹೆಂಡತಿ.

ಸೋಫಾದಲ್ಲಿ ಎಡಮಂಡಿಗೆ ಬ್ಯಾಂಡೇಜು ಸುತ್ತಿ ಮಲಗಿದ್ದ ಅತ್ತೆ ನರಳಿದರು. "ಎದ್ದು ಓಡಾಡಕ್ಕೆ ಮಂಡಿ ಬಿಡಲ್ಲ, ಮಲಗಕ್ಕೆ ನಿಮ್ಮ ಕಾರು ಬಿಡಲ್ಲ. ನಾನೇನ್ ಮಾಡ್ಲಿ ಅಳಿಯಂದ್ರೇ? ಹೋಗೋ ಮುಂಚೆ ಬಿಸಿನೀರಿನ ಚೀಲ ತುಂಬ್ಸಿ ಕೊಡಿ."

ಎರಡು ವರ್ಷದಿಂದ ದಿನಾ ತುಂಬಿಸುತ್ತಿದ್ದ ಚೀಲವನ್ನು ಶ್ ಸಾರ್ ಅವತ್ತೂ ತುಂಬಿಸಿಕೊಟ್ಟರು.

ಲೈಬ್ರರಿಯಲ್ಲಿ ಅರ್ಧ ದಿನ ರಜೆಯ ಚೀಟಿ ಬರೆಯುವಾಗ ದಿನಾ ಪೇಪರ್ ಓದಲು ಬರುವ ಪೇಪರ್ ಅಜ್ಜ ಎಂದಿನಂತೆ ಪರಪರ ಪುಟ ತಿರುವಿದರು.

"ಶ್!"

"ಏನಪ್ಪಾ," ಅಜ್ಜ ಕನ್ನಡಕದ ಮೇಲಿನಿಂದ ನೋಡಿದರು, "ನಿನ್ನ ಮನೆಗೂ ನನ್ನ ಮನೆಗೂ ಎರಡು ಬೀದಿ ಅಂತರ. ಅಲ್ಲಿವರೆಗೂ ಬಂದು ನಿನ್ನ ಕಾರು ನನ್ನ ಕಿವಿ ಹಿಂಡತ್ತೆ. ನನ್ನ ಪೇಪರ್ ಸದ್ದು ನಿನಗೆ ಜಾಸ್ತಿ ಆಯ್ತಾ?"

ಶ್ ಸಾರ್ ತಲೆ ತಗ್ಗಿಸಿ ಗ್ಯಾರೇಜಿಗೆ ಹೋದರು.

ಮೆಕ್ಯಾನಿಕ್ ಗ್ರೀಸ್ ಮಾಮ ಎರಡು ಹೆಡರ್ ತಂದು ಮೇಜಿನ ಮೇಲಿಟ್ಟ.

"ನೋಡಿ ಸಾರ್, ಇದು ಗಿಡ್ಡಂದು. ಎರಡು ಪೈಪೂ ಗೇಣುದ್ದ ಹೋಗೋದ್ರೊಳಗೆ ಸೇರ್ಕೋತವೆ. ಹೊಸದಾಗಿ ಮದುವೆ ಆದೋರ ಹಾಗೆ, ಸೇರಿದ್ದೇ ತಡ ಕಿರುಚಾಟ. ಇದು ಉದ್ದಂದು. ಬಹಳ ದೂರ ತಮ್ಮ ಪಾಡಿಗೆ ತಾವು ಹೋಗಿ ಕೊನೇಲಿ ಸೇರ್ತವೆ. ಮೂವತ್ತು ವರ್ಷದ ಸಂಸಾರ. ಉಸಿರೂ ಕೇಳ್ಸಲ್ಲ."

ಮಾಮ ಗಿಡ್ಡ ಹೆಡರಿಗೆ ಸ್ಪ್ಯಾನರಿನಿಂದ ತಟ್ಟಿದ. ಟಿಣ್ಣ್! ಶ್ ಸಾರ್ ಕಣ್ಣು ಮುಚ್ಚಿದರು. ಅವರ ಮನಸ್ಸು ಬಯಸಿದ್ದು ಅದನ್ನೇ. ಪುಸ್ತಕಗಳ ನಡುವೆ ನುಂಗಿಕೊಂಡ ಮಾತೆಲ್ಲ ಆ ಪೈಪಿನಿಂದ ಒಮ್ಮೆಲೇ ಹೊರಬಂದ ಹಾಗಿತ್ತು.

ಅಲ್ಲೇ ಒಂದು ತಪ್ಪು ಮಾಡಿದರು. ಎರಡರ ಫೋಟೋವನ್ನೂ ಅಪಾರ್ಟ್‌ಮೆಂಟಿನ ಗ್ರೂಪಿಗೆ ಹಾಕಿ 'ಯಾವುದು?' ಎಂದು ಕೇಳಿಬಿಟ್ಟರು. ಫೋನು ಬಾಣಲೆಗೆ ಬಿದ್ದ ಸಾಸಿವೆಯಂತೆ ಸಿಡಿಯತೊಡಗಿತು.

ಮೇಲಿನ ಮನೆಯ ಹಲ್ಲಿನ ಡಾಕ್ಟರು: "ವೆಲ್ಡಿಂಗ್ ಸಂದೀಲಿ ಬೆರಳಾಡಿಸಿ ನೋಡಿ. ಗ್ಯಾಪ್ ಇದ್ರೆ ಆಮೇಲೆ ಹುಳುಕೇ."

ಅತ್ತೆ: "ನೆಟ್ಟಗಿರೋದು ತಗೊಳ್ಳಿ. ಡೊಂಕಿರೋದ್ರಲ್ಲಿ ಧೂಳು ಕೂರತ್ತೆ, ತೊಳೆಯೋದು ಕಷ್ಟ."

ಅಧ್ಯಕ್ಷರು: "ಸಂಜೆ ಆರು. ಒಂದು ನಿಮಿಷ ತಡ ಆಗ್ಬಾರ್ದು."

ಹೆಂಡತಿ: "ಸದ್ದಿಲ್ಲದ್ದು!!!"

ಶ್ ಸಾರ್ ಸಂದಿಯಲ್ಲಿ ಬೆರಳಾಡಿಸಿದರು, ಬೆರಳಿಗೆ ಗ್ರೀಸ್ ಮೆತ್ತಿತು. ಫೋನಿನ ಗದ್ದಲ ತಡೆಯಲಾರದೆ ಅದೇ ಗ್ರೀಸ್ ಬೆರಳನ್ನು ತುಟಿಗಿಟ್ಟು ಫೋನಿಗೆ 'ಶ್!' ಎಂದರು. ಮೂಗಿನಿಂದ ಗದ್ದದವರೆಗೆ ಕರೀ ಗೆರೆ ಮೂಡಿತು.

"ಉದ್ದಂದೇ ಹಾಕಪ್ಪಾ" ಎಂದು ಗಿಡ್ಡ ಹೆಡರಿನ ಬೆನ್ನು ಸವರಿ ಅತ್ತ ತಿರುಗಿದರು.

ಐದಕ್ಕೆಲ್ಲ ಕೆಲಸ ಮುಗಿಯಿತು. ಕಾರು ಹೊಸ ಸೊಸೆಯಂತೆ ಹೊರಟಿತು. ಸಿಗ್ನಲಿನಲ್ಲಿ ಇಂಜಿನ್ ನಿಂತೇಹೋಯಿತೆಂದು ಭಾವಿಸಿ ಇವರು ಮತ್ತೆ ಕೀಲಿ ತಿರುವಿದರು. ಕರ್‍ರ್! ಓಡುತ್ತಲೇ ಇದ್ದ ಇಂಜಿನ್ ಬೈದಂತಾಯಿತು. ಅಳು ಬರುವ ಹಾಗಿತ್ತು, ಆದರೂ ಕಾರು ಉಳಿಯಿತಲ್ಲ!

ಗೇಟಿನೊಳಗೆ ಕಾರು ಬೆಕ್ಕಿನಂತೆ ನುಸುಳಿತು.

ಅಂಗಳದಲ್ಲಿ ಅತ್ತೆ ಎರಡಡಿ ಮೇಲಕ್ಕೆ ಹಾರಿ ಶಟಲ್‌ಕಾಕಿಗೆ ಫಟ್ಟೆಂದು ಬಾರಿಸಿದರು!

"ಹದಿನೆಂಟು ಹನ್ನೊಂದು! ಅಮ್ಮಾ, ಸೂಪರ್!" ಹೆಂಡತಿ ಲೆಕ್ಕ ಕೂಗಿದಳು.

ಎದುರಾಳಿ ಹಲ್ಲಿನ ಡಾಕ್ಟರು ಎರಡೂ ಕೆನ್ನೆಯಲ್ಲಿ ಟಾಫಿ ತುಂಬಿಕೊಂಡಿದ್ದರು. 'ಇಲ್ಲಿ ವಾಹನ ತೊಳೆಯುವಂತಿಲ್ಲ, ಅಧ್ಯಕ್ಷರು' ಎಂಬ ಬೋರ್ಡಿನ ಕೆಳಗೆ ಅಧ್ಯಕ್ಷರು ತಮ್ಮ ಸ್ಕೂಟರಿಗೆ ಪೈಪು ಹಿಡಿದು ಸ್ನಾನ ಮಾಡಿಸುತ್ತಿದ್ದರು.

ಶಟಲ್‌ಕಾಕು ಕೆಂಪು ಬಾನೆಟ್ಟಿನ ಮೇಲೆ ಬಿತ್ತು. ಎಲ್ಲರೂ ತಿರುಗಿದರು. ಎಲ್ಲರೂ ಕಲ್ಲಾದರು.

"ಅಯ್ಯೋ... ಮಂಡೀ..." ಅತ್ತೆ ಮೆಲ್ಲಗೆ ಕುಸಿದು ಬಲಮಂಡಿ ಹಿಡಿದುಕೊಂಡರು.

"ಬ್ಯಾಂಡೇಜ್ ಇರೋದು ಎಡಗಾಲಿಗೆ ಅತ್ತೇ" ಎಂದರು ಶ್ ಸಾರ್.

ಹೆಂಡತಿಯೇ ದಬಾಯಿಸಿದಳು. "ಹೀಗೆ ಕಳ್ಳನ ಹಾಗಾ ಬರೋದು? ದಿನಾ ಎರಡು ಬೀದಿ ಆಚೆಯಿಂದ್ಲೇ ಕೇಳಿಸ್ತಿತ್ತು. ಅಮ್ಮ ಒಳಗೆ ಹೋಗಿ ಮಲಗಕ್ಕೆ ಟೈಮ್ ಸಿಗ್ತಿತ್ತು!"

"ನಾನೂ ನಲ್ಲಿ ನಿಲ್ಲಿಸ್ಕೋತಿದ್ದೆ" ಎಂದು ಅಧ್ಯಕ್ಷರು ಬಾಯಿ ತಪ್ಪಿ ಹೇಳಿ ಕೆಮ್ಮಿದರು. ಆಮೇಲೆ ಗತ್ತಿನಿಂದ ಸೀಟಿ ಊದಿದರು. "ಕಿವಿ ಪರೀಕ್ಷೆ ಈಗಲೇ ಶುರು!"

ಎಲ್ಲರೂ ಬಾನೆಟ್ಟಿಗೆ ಕಿವಿಗೊಟ್ಟರು. ಏನೂ ಇಲ್ಲ.

"ಫೇಲ್!" ಎಂದರು ಅಧ್ಯಕ್ಷರು.

"ಸದ್ದು ಬಂದ್ರೆ ರದ್ದು ಅಂತ ನೀವೇ ಬರೆದಿದ್ರಲ್ಲಾ ಸಾರ್!"

"ಅದು ಬೆಳಿಗ್ಗೆ. ಹೇಳದೆ ಕೇಳದೆ ಬರೋ ಕಾರು ಜನರ ಪ್ರಾಣಕ್ಕೆ ಅಪಾಯ. ಸದ್ದು ಬರಲೇಬೇಕು, ಇಲ್ಲಾಂದ್ರೆ ಜಾಗ ಇಲ್ಲ."

ಟಾಫಿ ನುಂಗಿ ಡಾಕ್ಟರು ತಲೆಯಾಡಿಸಿದರು. ಶ್ ಸಾರ್ ಫೋನು ಹೊರತೆಗೆದರು. ಅಂದರೆ ಆ ಗಿಡ್ಡ ಹೆಡರ್! ಗ್ಯಾರೇಜಿಗೆ ಕರೆ ಮಾಡಿದರು.

"ಗಿಡ್ಡಂದು ಈಗಷ್ಟೇ ಹೋಯ್ತಲ್ಲ ಸಾರ್. ಇನ್ನೊಂದು ಬರೋದು ಮೂರು ತಿಂಗಳು."

"ನನ್ನ ಹಳೇದು? ಬಿರುಕು ಬಿಟ್ಟಿದ್ದು?"

"ಕತ್ತರಿಸಿ ಸ್ಟೂಲಿಗೆ ಕಾಲು ಮಾಡ್ಬಿಟ್ಟೆ. ಅದರ ಮೇಲೆ ಕೂತೇ ಮಾತಾಡ್ತಿದೀನಿ."

ಅಧ್ಯಕ್ಷರು ಹೊಸ ನಿಯಮ ಬರೆದರು: ಮೂರು ತಿಂಗಳು ಎರಡು ಬೀದಿ ಆಚೆಯಿಂದ ಗೇಟಿನವರೆಗೆ ಒಂದೇ ಸಮ ಹಾರ್ನ್. ರಿಹರ್ಸಲ್ ಇವತ್ತೇ, ಆರಕ್ಕೆ.

"ಜೋರಾಗಿ ಹೊಡೀರಿ ಅಳಿಯಂದ್ರೇ, ನನ್ನ ಮಂಡಿಗೆ ಕೇಳ್ಬೇಕು" ಎಂದು ಅತ್ತೆ ಮುದ್ದಾಗಿ ಬೀಳ್ಕೊಟ್ಟರು.

ಆರಕ್ಕೆ ಸರಿಯಾಗಿ ಎರಡು ಬೀದಿ ಆಚೆ ಶ್ ಸಾರ್ ಹಾರ್ನಿಗೆ ಅಂಗೈ ಒತ್ತಿದರು. ಪೋಂಂಂಂ! ಒಂದೊಂದೇ ಕಿಟಕಿ ತೆರೆಯಿತು. ಮಹಡಿಯ ಬಾಲ್ಕನಿಯಲ್ಲಿ ಸಂಜೆ ಪತ್ರಿಕೆಯೊಂದು ಮೆಲ್ಲಗೆ ಕೆಳಗಿಳಿಯಿತು.

ಹಿಂದೆ ಪೇಪರ್ ಅಜ್ಜ. ಕರೀ ಗೆರೆ ಎಳೆದುಕೊಂಡಿದ್ದ ಲೈಬ್ರರಿಯನ್ನನ ಮುಖವನ್ನು ಅಜ್ಜ ಬಹಳ ಹೊತ್ತು ನೋಡಿದರು. ಆಮೇಲೆ ಎಷ್ಟೋ ವರ್ಷ ಕಾದವರ ಸುಖದಲ್ಲಿ ತೋರುಬೆರಳನ್ನು ತುಟಿಗೆ ತಂದರು.

"ಶ್!"