ಆರು ಅವಕಾಶಗಳು ಮತ್ತು ಒಂದು ಫ್ಯಾನು

ತನಗೇ ಜಾಗವಿಲ್ಲ, ಕೊರಳಲ್ಲಿ ಡೋಲು ಬೇರೆ ಎಂಬ ಗಾದೆಯನ್ನು ಕಟ್ಟಿದವರು ಯಾರೋ, ನನ್ನನ್ನು ನೋಡಿಯೇ ಕಟ್ಟಿರಬೇಕು. ಕಾಮರ್ಸ್ ಪದವಿ ಮುಗಿಸಿ ಎರಡು ವರ್ಷವಾದರೂ ಸಂಬಳದ ಮುಖ ಕಾಣದ ನನ್ನನ್ನು, ನಾನು ಓದಿದ ಕಾಲೇಜಿನವರೇ 'ಲೆಕ್ಕಪತ್ರ ವೃತ್ತಿಯಲ್ಲಿ ಉದ್ಯೋಗಾವಕಾಶಗಳು' ಎಂಬ ವಿಷಯದ ಮೇಲೆ ಭಾಷಣ ಮಾಡಲು ಕರೆದರು. (ಮೊದಲು ಒಪ್ಪಿದ್ದ ಬ್ಯಾಂಕ್ ಮ್ಯಾನೇಜರಿಗೆ ಇದ್ದಕ್ಕಿದ್ದಂತೆ ವರ್ಗವಾಗಿತ್ತು. ಅವಕಾಶಗಳು ಹೀಗೂ ಬರುತ್ತವೆ.)

ಹಾಗೆಂದು ನಾನು ಸುಮ್ಮನೆ ಕೂತವಳಲ್ಲ. ಒಬ್ಬ ಆಡಿಟರರ ಕಚೇರಿಯಲ್ಲಿ ದಿನವೂ ಹತ್ತರಿಂದ ಆರರವರೆಗೆ ಯಾರದೋ ರಸೀದಿಗಳಿಗೆ ಹಸಿರು ಪೆನ್ಸಿಲಿನಲ್ಲಿ ಟಿಕ್ ಹಾಕುತ್ತೇನೆ. ಸಂಬಳದ ಮಾತೆತ್ತಿದರೆ ಅವರು ಕನ್ನಡಕ ಒರೆಸುತ್ತಾ, "ಮೊದಲು ಕೆಲಸ ಕಲೀರಿ, ಅದೆಲ್ಲ ಆಮೇಲೆ" ಎನ್ನುತ್ತಾರೆ. ಹಾಗಾಗಿ ನಮ್ಮ ಮನೆಯಲ್ಲಿ ಅವರಿಗೆ 'ಆಮೇಲೆ ಸಾರ್' ಎಂದೇ ಹೆಸರು.

ಭಾಷಣದ ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ತಂಗಿ. ಜಡೆಗೆ ಸದಾ ಟೆಸ್ಟರ್ ಸಿಕ್ಕಿಸಿಕೊಂಡಿರುವ ಹುಡುಗಿ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಅಪ್ಪನ ಹೊಲಿಗೆ ಯಂತ್ರದ ಮೋಟಾರು, ಎಲ್ಲದರ ಹೊಟ್ಟೆಯನ್ನೂ ಬಗೆದು ನೋಡಿ ಮತ್ತೆ ಮುಚ್ಚಿದವಳು. ಅವಳಿಗೆ ಫ್ಯಾನು-ಫ್ರಿಜ್ಜುಗಳ ರಿಪೇರಿ ಕಲಿಸುವ ಕೋರ್ಸಿಗೆ ಸೇರಬೇಕು. ಅಪ್ಪನಿಗೆ ಅವಳೂ ಕಾಮರ್ಸ್ ಓದಬೇಕು. ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಬೆನ್ನು ಸೊಟ್ಟಗಾದ ಅಪ್ಪನ ಸಿದ್ಧಾಂತ ಒಂದೇ. "ಲೆಕ್ಕದ ಕೆಲಸ ಅಂದ್ರೆ ಫ್ಯಾನ್ ಕೆಳಗೆ ಕೂತು ಮಾಡೋದು. ಇವಳದು ಏಣಿ ಹತ್ತಿ ಫ್ಯಾನಿಗೇ ನೇತಾಡೋದು!"

ಹಿಂದಿನ ದಿನ ತಂಗಿ ಬಂದು ನನ್ನ ಕೈ ಹಿಡಿದಳು.

"ಅಕ್ಕಾ, ನಾಳೆ ಅಪ್ಪನೂ ಬರ್ತಾರೆ. ಆಮೇಲೆ ಸಾರ್ ಕಥೆ ಪೂರ್ತಿ ಹೇಳಿಬಿಡೆ. ಅದನ್ನ ಕೇಳಿದ್ರೆ ನನ್ನ ಫಾರಂಗೆ ಸೈನ್ ಹಾಕ್ತಾರೆ. ಅದನ್ನ ಕೊಡೋಕೆ ನಾಳೆ ಸಂಜೆ ಐದಕ್ಕೆ ಕೊನೆ."

"ಹೇಳ್ತೀನಿ ಬಿಡೆ."

"ಆಣೆ ಮಾಡು."

ಮಾಡಿದೆ. ಅವಳನ್ನಾದರೂ ಉಳಿಸೋಣ ಎಂದು ನಿಜಕ್ಕೂ ಅಂದುಕೊಂಡಿದ್ದೆ.

ಮರುದಿನ ಮೈಕಿನ ಮುಂದೆ ನಿಂತು, "ಎರಡು ವರ್ಷದ ಹಿಂದೆ ನಾನೂ ನಿಮ್ಮ ಹಾಗೆಯೇ ಕನಸು ಕಂಡಿದ್ದೆ" ಎಂದು ವಿಷಾದದಿಂದಲೇ ಶುರುಮಾಡಿದೆ. ಅಷ್ಟರಲ್ಲಿ ಮೊದಲ ಸಾಲಿನಲ್ಲಿದ್ದ ಅಮ್ಮ ಕಣ್ಣಿಗೆ ಬಿದ್ದಳು. ಪಕ್ಕದಲ್ಲಿ ನೆರೆಮನೆಯ ಟೀಚರ್. ನಾನು ಆಫೀಸಿನಲ್ಲಿ ನಾಲ್ಕು ಜನರ ಮೇಲಿದ್ದೇನೆ ಎಂದು ಅಮ್ಮ ಅವರಿಗೆ ಹೇಳಿದ್ದಳು. (ಪೂರ್ತಿ ಸುಳ್ಳಲ್ಲ. ಕಚೇರಿಯ ಕೆಳಗೆ ಕಟಿಂಗ್ ಶಾಪಿದೆ, ಅಲ್ಲಿ ನಾಲ್ಕು ಜನ ಕೆಲಸಗಾರರು.) ಅಮ್ಮ ಬ್ಯಾಗಿನ ಕಿತ್ತುಹೋದ ಹಿಡಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ನನ್ನನ್ನೇ ನೋಡುತ್ತಾ ಕೂತಿದ್ದಳು.

ಆ ಕೈಯನ್ನು ನೋಡಿದ್ದೇ ತಪ್ಪಾಯಿತು.

"ಆ ಕನಸು ಈ ವೃತ್ತಿಯಲ್ಲಿ ಖಂಡಿತ ನನಸಾಗುತ್ತದೆ!" ಎಂದುಬಿಟ್ಟೆ. ನಂತರ ನಾಲಗೆ ನನ್ನ ಹತೋಟಿಯಲ್ಲಿರಲಿಲ್ಲ. ಆಡಿಟು, ತೆರಿಗೆ, ಬ್ಯಾಂಕು, ಕಾರ್ಖಾನೆಯ ವೆಚ್ಚ ನಿರ್ವಹಣೆ, ಹಣಕಾಸು ಸಲಹೆ ಎಂದು ಬೆರಳು ಮಡಚುತ್ತಾ ಹೋದೆ. ಆರನೆಯದಾಗಿ, ವಂಚನೆ ಪತ್ತೆ ಮಾಡುವ ಲೆಕ್ಕಿಗರನ್ನು ಪತ್ತೇದಾರರ ಸಿಂಹಾಸನಕ್ಕೇ ಏರಿಸಿದೆ. ಚಪ್ಪಾಳೆಯೋ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಅಪ್ಪ ಎದ್ದು ನಿಂತು ಹೊಡೆಯುತ್ತಿದ್ದರು. ತಂಗಿ ಮಾತ್ರ ಕೈ ಕಟ್ಟಿ ಕೂತಿದ್ದಳು.

ಸಂಜೆ ಐದಕ್ಕೆ ಅಪ್ಪ ಸೈನ್ ಹಾಕಿದರು, ಕಾಮರ್ಸ್ ಫಾರಂಗೆ. "ಆರು ದಾರಿ ಇದೆಯಂತೆ ಮಗಳೇ, ನಿನಗೆ ಒಂದೂ ಸಿಗಲ್ವಾ?" ಎನ್ನುತ್ತಾ ಅವಳ ಜಡೆಯಿಂದ ಟೆಸ್ಟರ್ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದರು. ತಂಗಿ ನನ್ನೊಡನೆ ಜಗಳವಾಡಲಿಲ್ಲ. "ಭಾಷಣ ಚೆನ್ನಾಗಿತ್ತಕ್ಕ" ಎಂದಳಷ್ಟೆ. ಜಗಳವೇ ಆಡಿದ್ದರೆ ನಾನು ಆ ರಾತ್ರಿ ಊಟ ಮಾಡುತ್ತಿದ್ದೆ.

ಮೂರು ತಿಂಗಳು ನಮ್ಮ ಕೋಣೆಯಲ್ಲಿ ಮಾತಿಲ್ಲ, ಕತೆಯಿಲ್ಲ. ಆ ಗೋಡೆಗೆ ಅವಳ ಮೇಜು, ಈ ಗೋಡೆಗೆ ನನ್ನದು. ಒಂದು ಭಾನುವಾರ ಫ್ಯಾನು ಗುಂಯ್ ಎಂದು ಗೊಣಗಿ ನಿಂತುಹೋಯಿತು.

"ಸ್ವಲ್ಪ ನೋಡೆ" ಎಂದೆ.

"ನಾನೀಗ ಕಾಮರ್ಸ್. ಫ್ಯಾನ್ ಕೆಳಗೆ ಕೂರೋಳು, ಮುಟ್ಟೋಳಲ್ಲ."

ಮೆಕ್ಯಾನಿಕ್ಕಿಗೆ ಫೋನ್ ಮಾಡಿದರೆ ನಾಲ್ಕು ದಿನ ಪುರಸೊತ್ತಿಲ್ಲ ಎಂದ. ಐದನೆಯ ದಿನ ಬಂದವನು ಏಣಿ ಹತ್ತಿ, ಒಮ್ಮೆ ಮೂಸಿ ನೋಡಿ, "ವೈಂಡಿಂಗ್ ಹೋಗಿದೆ, ಒಳಗಿನ ತಂತಿಯೆಲ್ಲ ಸುಟ್ಟಿದೆ" ಎಂದು ಘೋಷಿಸಿದ. ನಡುವೆ ಮೂರು ಸಲ ಅವನ ಫೋನು ಹೊಡೆದುಕೊಂಡಿತು. "ಎಲ್ಲಿ ನೋಡಿದ್ರೂ ಕೆಲಸ ಮೇಡಂ. ಯಾರು ಎಷ್ಟು ಕೊಟ್ರು, ಯಾರು ಬಾಕಿ, ಬರೆದಿಡೋರೇ ಇಲ್ಲ. ಲೆಕ್ಕ ಗೊತ್ತಿರೋರು ಯಾರಾದ್ರೂ ಇದ್ರೆ ಹೇಳಿ, ಒಳ್ಳೆ ಸಂಬಳ ಕೊಡ್ತೀನಿ."

ಏಳನೆಯ ಅವಕಾಶ ಏಣಿಯ ಮೇಲೆ ನಿಂತಿತ್ತು!

"ನನಗೆ ಎರಡು ವರ್ಷದ ಅನುಭವ ಇದೆ" ಎಂದೆ.

"ಹೌದಾ? ಹಾಗಿದ್ರೆ ಹೇಳಿ, ಕಂಡೆನ್ಸರ್ ಯಾವುದು, ಬೇರಿಂಗ್ ಯಾವುದು? ಅದು ಗೊತ್ತಿಲ್ದೆ ನನ್ನ ಬಿಲ್ ಹೇಗೆ ಬರೀತೀರಾ?"

ನಾನು ಫ್ಯಾನಿನ ರೆಕ್ಕೆ ನೋಡಿದೆ. ಅದೊಂದೇ ನನಗೆ ಗೊತ್ತಿದ್ದದ್ದು. ಅಷ್ಟರಲ್ಲಿ ತಂಗಿ ಪುಸ್ತಕದಿಂದ ತಲೆಯೆತ್ತದೆಯೇ, "ವೈಂಡಿಂಗ್ ಅಲ್ಲಣ್ಣ. ಕೋಲಲ್ಲಿ ತಿರುಗಿಸಿದ್ರೆ ಓಡುತ್ತೆ. ಹೋಗಿರೋದು ಸ್ಟಾರ್ಟ್ ಮಾಡೋ ಕಂಡೆನ್ಸರ್ ಅಷ್ಟೆ" ಎಂದಳು.

ಅವನು ಕೋಲು ಕೇಳಿ ಪಡೆದು ತಿರುಗಿಸಿದ. ಫ್ಯಾನು ಓಡಿತು. ಅವನು ಏಣಿಯಿಂದ ಇಳಿದ.

"ದಿನಾ ಸಂಜೆ ಅಂಗಡಿಗೆ ಬಾರಮ್ಮ. ರಿಪೇರಿ ನೋಡ್ಕೋ, ಹಾಗೇ ಲೆಕ್ಕಾನೂ ಬರಿ."

ಬಾಗಿಲಲ್ಲಿದ್ದ ಅಪ್ಪನಿಗೆ ಕೊನೆಯ 'ಲೆಕ್ಕ'ದ ಮಾತೊಂದೇ ಕೇಳಿಸಿತು. ಕಣ್ಣು ತುಂಬಿಕೊಂಡು ಬೀರು ತೆಗೆದರು, ಬಹುಮಾನದಂತೆ ಟೆಸ್ಟರ್ ಕೊಟ್ಟರು. "ನೋಡಿದ್ಯಾ, ದೊಡ್ಡವಳು ಅವತ್ತು ಹೇಳಿದ್ದು ಎಷ್ಟು ನಿಜ!"

ಈಗ ತಂಗಿಗೆ ತಿಂಗಳ ಒಂದನೇ ತಾರೀಖು ಸಂಬಳ. ಮೊದಲ ಸಂಬಳದಲ್ಲಿ ಅಮ್ಮನಿಗೆ ಹೊಸ ಬ್ಯಾಗು ತಂದಳು, ನನಗೊಂದು ಹಸಿರು ಪೆನ್ಸಿಲು.

ನಿನ್ನೆ ಕಾಲೇಜಿನ ಪ್ರಿನ್ಸಿಪಾಲರ ಪತ್ರ ಬಂತು. ಈ ವರ್ಷವೂ ಅದೇ ವಿಷಯದ ಮೇಲೆ ಭಾಷಣವಿದೆಯಂತೆ. ಓದುತ್ತಲೇ ಲೆಕ್ಕ ಬರೆದು ಸಂಬಳ ಗಳಿಸುತ್ತಿರುವ ನಿಮ್ಮ ತಂಗಿಯನ್ನು ದಯವಿಟ್ಟು ಕಳುಹಿಸಿಕೊಡಿ ಎಂದು ನನಗೆ ಬರೆದಿದ್ದಾರೆ.

ಅವಳಿಗೆ ಪುರಸೊತ್ತಿಲ್ಲ, ಏಣಿಯ ಮೇಲಿದ್ದಾಳೆ. ಉತ್ತರ ಬರೆಯಲು ನಾನು ಫ್ಯಾನಿನ ಕೆಳಗೆ ಕೂತಿದ್ದೇನೆ. ಗಾಳಿಯೇನೋ ಚೆನ್ನಾಗಿ ಬರುತ್ತಿದೆ.