ಮಶೀನಿಗೆ ಹಚ್ಚಿದ ಕುಂಕುಮ

ಪಾದರಸ ಹುಡುಕೂ ನೌಕರಿ ಹಿಡದ್ರ ಅಂಜಿಕಿ ಅದರ ಸಂಗಾಟನ ಬರತೈತಿ. ಮಚ್ಛೆ ಊರಾಗಿನ ನಮ್ಮ ನೀರು ಟೆಸ್ಟ್ ಮಾಡೂ ಲ್ಯಾಬಿನ್ಯಾಗ ವಾರಕ್ಕೊಂದರ ಅಂಜೂವಂಥಾ ಪ್ರಸಂಗ ಬರೂದ. ನಾನಂತೂ ಮೊದಲ ಪುಕ್ಕಲಿ, ಮನ್ಯಾಗೂ ಮೂರು ಸಲ ಕೈ ತೊಳಕೊಂಡ ಚಾ ಕುಡಿಯಾಕಿ.

೧. ಫಳಫಳ ಬಾಟಲಿ

ಪಾರಿಶ್ವಾಡದಿಂದ ಒಬ್ಬ ಕಾಕಾ ಬಂದ್ರು. ಅವರ ಬಾವಿ ಬಾಜು ಯಾರೋ ಒಡದ ಟ್ಯೂಬ್‌ಲೈಟ್ ರಾಶಿ ಒಗದು ಹೋಗಿದ್ರು; ಟ್ಯೂಬಿನೊಳಗ ಪಾದರಸ ಇರತೈತಿ. ಮನ್ಯಾಗ ಎಂಟು ತಿಂಗಳ ಬಸರಿ ಮಗಳು, ಕುಡಿಯೂದು ಅದೇ ಬಾವಿ ನೀರು.

"ಕೂಸಿಗೆ ಏನರ ಆದ್ರ ಹೆಂಗ್ರಿ ಯವ್ವಾ?" ಅಂದ್ರು.

ಪಾದರಸ ಬಾಟಲಿಗೆ ಅಂಟಬಾರದಂತ ನಾಕು ಹನಿ ಆಸಿಡ್ ಹಾಕಿದ ಬಾಟಲಿ ಕೊಟ್ಟು, "ತುಂಬಿಸಿ ತರ್ರಿ" ಅಂದೆ. ಮರುದಿನ ಬಾಟಲಿ ಫಳಫಳ ಹೊಳೀತಿತ್ತು.

"ತಳದಾಗ ಏನೋ ಹೊಲಸಿತ್ರಿ. ಬೂದಿ ಹಚ್ಚಿ ಮೂರು ಸಲ ತಿಕ್ಕೀನಿ!"

ಕೈ ಮುಗದು ಇನ್ನೊಂದು ಬಾಟಲಿ ಕೊಟ್ಟೆ.

೨. ಎಲ್ಲಾದ್ರಾಗೂ ಪಾದರಸ

ಎರಡನೇ ಬಾಟಲಿ ನೀರು ಪಾದರಸ ಅಳಿಯೂ ಮಶೀನಿಗೆ ಹಾಕಿದ್ದ ತಡ, ಅಂಕಿ ಜಿಗೀತು. ಬಾಕಿನ ಮ್ಯಾಲೆ ಕುಂತ ಕಾಕಾ ನನ್ನ ಮಾರಿನ ನೋಡಾಕತ್ತಿದ್ರು.

ಖಾತ್ರಿಗೆ ಅಂತ ಏನೂ ಇಲ್ಲದ ಶುದ್ಧ ನೀರು ಹಾಕಿದೆ. ಅದರಾಗೂ ಪಾದರಸ! ನಳದ ನೀರಿನ್ಯಾಗೂ. ಕಡೀಕ ನಮ್ಮ ಸಾಹೇಬರು ಅರ್ಧಾ ಕುಡದಿಟ್ಟ ಬಾಟಲಿ ನೀರಿನ್ಯಾಗೂ. ಸಾಹೇಬರು ಕುರ್ಚಿ ಹಿಡಕೊಂಡ್ರು.

"ಮುಂಜಾನಿಂದ ನನ್ನ ಕೈ ನಡಗಾಕತ್ತಾವ, ಹಿಡದು ನೋಡ್ರಿ."

ಹಿಡದೆ. ನಡಗೂದು ಅವರ ಕೈಯೋ ನನ್ನ ಕೈಯೋ ತಿಳೀಲಿಲ್ಲ.

೩. ಖಂಡೇನವಮಿ

ಆವಾಗ ಮಶೀನಿನ ಮ್ಯಾಲಿನ ಕೆಂಪು ಬಣ್ಣ ನನ್ನ ಕಣ್ಣಿಗೆ ಬಿತ್ತು. ಮೊನ್ನಿ ಖಂಡೇನವಮಿಗೆ, ಮಶೀನ್ ಕೆಡಬಾರದಂತ ಸಾಹೇಬರೇ ಅದಕ್ಕ ಆಯುಧ ಪೂಜಿ ಮಾಡಿದ್ರು. ಮಶೀನಿನ ಹಣಿ ಯಾವುದಂತ ತಿಳೀದ, ನೀರು ಒಳಗ ಎಳಕೊಳ್ಳೂ ನಳಿಗಿಗೇನ ಕುಂಕುಮ ಬಡದಿದ್ರು. ಆ ಕುಂಕುಮ ಒಂದು ಕಣ ಹಾಕಿ ನೋಡಿದ್ರ ಅಂಕಿ ಮುಗಲಿಗೇರಿತು. ಬಣ್ಣ ಬರಲಂತ ಯಾರೋ ಅದರಾಗ ಪಾದರಸದಿಂದ ಮಾಡಿದ ಕೆಂಪು ಪುಡಿ ಬೆರಸಿದ್ರು!

ನಳಿಗಿ ಬದಲಿಸಿ, ಎಲ್ಲಾ ತೊಳದೆ. ಶುದ್ಧ ನೀರು ಸೊನ್ನಿ ತೋರಿಸ್ತು. ಬಾವಿ ನೀರು ಹಾಕೂಮುಂದ ಕಣ್ಣ ಮುಚ್ಚಿಕೊಂಡೆ. ತಗದು ನೋಡಿದ್ರ, ಅದೂ ಸೊನ್ನಿ!

ಕಾಕಾ ಗಳಗಳ ಅತ್ತು ಮಗಳಿಗೆ ಫೋನ್ ಹಚ್ಚಿದ್ರು: "ಕುಡಿಯವ್ವಾ, ನೀರು ಚಲೋ ಐತಿ." ಆಮ್ಯಾಲ ಕಿಸೆದಾಗಿನ ವಿಭೂತಿಗೆ ಮೂರು ಬೆರಳು ಒತ್ತಿ, "ಇದು ಮಶೀನಲ್ರಿ, ದೇವರು!" ಅಂತ ಸೀದಾ ನಳಿಗಿ ಕಡೆ ನಡದ್ರು.

"ಬ್ಯಾಡ್ರೀ!" ಅಂತ ಸಾಹೇಬರು ಜಿಗದು ಅಡ್ಡ ನಿಂತ್ರು. ಮೂರೂ ಬೆರಳು ಸಾಹೇಬರ ಹಣಿಗೆ ಬಿದ್ದುವು.

ಸಾಹೇಬರು ಅಲ್ಲಾಡಲಿಲ್ಲ. ಹಲ್ಲ ಕಚ್ಚಿ, ಸಣ್ಣ ದನಿಲೆ ನನಗಂದ್ರು:

"ಮೊದಲ ಇದನ್ನ ಟೆಸ್ಟ್ ಮಾಡ್ರಿ. ಆಮ್ಯಾಲ ಉಸುರಾಡತೀನಿ."