ಅಮ್ಮನ ಬಲಗಡೆ ಹೂವು

ಗುರುಸಿದ್ದಯ್ಯನ ಕಷ್ಟಕ್ಕೆಲ್ಲ ಮೂಲ ಒಂದು ಫ್ರಿಜ್ಜು. ಮಾಗಡಿ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡು ಯಾರ ತಂಟೆಗೂ ಹೋಗದೆ ಬದುಕಿದ್ದ ಮನುಷ್ಯ, ಹೆಂಡತಿ ಬಸವಲಿಂಗಮ್ಮ ಕೇಳಿದಳೆಂದು ಫ್ರಿಜ್ಜಿನ ಅಂಗಡಿಗೆ ಹೋಗಿ ಅಲ್ಲಿದ್ದದ್ದರಲ್ಲೇ ಅತಿ ದೊಡ್ಡದನ್ನು ತಂದ. ಅಡಿಗೆಮನೆ ಎಷ್ಟು ಇಕ್ಕಟ್ಟೆಂದರೆ ಫ್ರಿಜ್ಜಿನ ಬಾಗಿಲು ಅರ್ಧವೇ ತೆರೆಯುತ್ತಿತ್ತು. ಮೊಸರು ಬೇಕಾದಾಗೆಲ್ಲ ಬಸವಲಿಂಗಮ್ಮ ಒಂದು ಕೈಯನ್ನಷ್ಟೇ ಒಳಗೆ ಬಿಟ್ಟು ಕಳ್ಳಬೆಕ್ಕಿನ ಹಾಗೆ ತಡಕಾಡಬೇಕು. ಕೊನೆಗೆ ಅಡಿಗೆಮನೆಗೂ ಅದರ ಬಲಕ್ಕಿದ್ದ ಸಾಮಾನು ಕೋಣೆಗೂ ನಡುವಿನ ಗೋಡೆ ಒಡೆಸಿ, ಎರಡನ್ನೂ ಒಂದು ಮಾಡುವುದೆಂದು ತೀರ್ಮಾನವಾಯಿತು.

ಯಾರಿಂದ ಒಡೆಸುವುದು ಎಂಬಲ್ಲಿಗೆ ಬಂದಾಗ ಗುರುಸಿದ್ದಯ್ಯನ ನಿದ್ದೆ ಹಾರಿತು. ಅವನ ಮನಸ್ಸು ರಾಮನಗರದ ಕಂಟ್ರಾಕ್ಟರ್ ಬಾಲರಾಜು ಮೇಲೆ. ರಸಮಟ್ಟ ಇಟ್ಟು ನೋಡದೆ ಒಂದು ಇಟ್ಟಿಗೆಯನ್ನೂ ಇಡುವವನಲ್ಲ ಆತ. ಆದರೆ ಹೆಂಡತಿಯ ಸ್ವಂತ ತಮ್ಮ ನೀಲಕಂಠನೂ ಕಂಟ್ರಾಕ್ಟರೇ. ಕುದೂರಿನಲ್ಲಿ ತನ್ನ ಸೋದರತ್ತೆಗೆ ಅವನು ಕಟ್ಟಿಕೊಟ್ಟ ಮನೆಯಲ್ಲಿ ಮೆಟ್ಟಿಲು ಹತ್ತುವವರೆಲ್ಲ ತೊಲೆಗೆ ತಲೆಬಾಗಿಯೇ ಮಹಡಿ ಸೇರಬೇಕು. ಬಚ್ಚಲಲ್ಲಿ ಸ್ನಾನ ಮಾಡಿದ ನೀರು ನೆಟ್ಟಗೆ ಹಾಲಿಗೆ ಬರುತ್ತದೆ. ನೀರು ತಗ್ಗಿಗೆ ಹರಿಯುತ್ತದೆ ಅನ್ನುವುದು ನೀಲಕಂಠನಿಗೆ ಗೊತ್ತಿತ್ತು. ತಗ್ಗು ಯಾವ ಕಡೆ ಇರಬೇಕು ಅನ್ನುವುದಷ್ಟೇ ಗೊತ್ತಿರಲಿಲ್ಲ. ಹಾಗಂತ ಅವನನ್ನು ಬಿಟ್ಟರೆ ಬಸವಲಿಂಗಮ್ಮ ವರ್ಷಗಟ್ಟಲೆ ಮುಖ ಊದಿಸಿಕೊಂಡಾಳೆಂದು ಗುರುಸಿದ್ದಯ್ಯನಿಗೆ ಹೆದರಿಕೆ.

ಶುಕ್ರವಾರ ಬೆಳಿಗ್ಗೆ ಬಾಲರಾಜು ಫೋನು ಬಂತು. "ಸಾರ್, ಸಾಯಂಕಾಲದೊಳ್ಗೆ ಹೇಳ್ಬುಡಿ. ಇಲ್ದಿದ್ರೆ ಬಿಡದೀಲಿ ಒಂದು ಕೆಲ್ಸ ಐತೆ, ಒಪ್ಕೊಂಬುಡ್ತೀನಿ."

ಫೋನು ಕೆಳಗಿಡುವಷ್ಟರಲ್ಲಿ ನೀಲಕಂಠ ಟೇಪು ಹಿಡಿದು ಬಾಗಿಲಲ್ಲಿ ನಿಂತಿದ್ದ. "ಭಾವ, ನಾನಿರುವಾಗ ಬ್ಯಾರೆಯೋರ್ನ ಕರೆಸ್ತೀರಂತಲ್ಲ? ಜನ ಏನಂತಾರೆ?"

ಜನ ಏನನ್ನುತ್ತಾರೆಂಬುದು ತಕ್ಷಣ ತಿಳಿಯಿತು. ಪಕ್ಕದ ಮನೆಯ ಬೈರಮ್ಮ ಸೀರೆಗೆ ಕೈ ಒರೆಸಿಕೊಳ್ಳುತ್ತಾ ಬಂದೇಬಿಟ್ಟಳು. ಅವಳ ಅಡಿಗೆಮನೆಗೂ ಇವರ ಅಡಿಗೆಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಬೈರಮ್ಮನ ಕಿವಿಗೆ ಅದೊಂದು ಲೆಕ್ಕವೇ ಅಲ್ಲ.

"ಗುರುಸಿದ್ದಣ್ಣ, ಯಾಕಿಂಗೆ ತಲೆ ಕೆಡಿಸ್ಕೊಂತೀರಿ? ಇವತ್ತು ಶುಕ್ರವಾರ. ಊರಮ್ಮನ್ನ ಹೂವ ಕೇಳ್ಬುಡಿ. ಅಮ್ಮ ಹೆಂಗಂತಾಳೋ ಹಂಗೆ ಮಾಡಿ."

ಅಮ್ಮನ ಎರಡು ಭುಜಕ್ಕೂ ಒದ್ದೆ ಹೂವು ಅಂಟಿಸಿ, ಮನಸ್ಸಿನಲ್ಲಿದ್ದದ್ದನ್ನು ಕೇಳಿಕೊಳ್ಳುವುದು ಊರಿನ ಪದ್ಧತಿ. ಬಲಗಡೆ ಹೂವು ಬಿದ್ದರೆ 'ಆಗಲಿ', ಎಡಗಡೆ ಬಿದ್ದರೆ 'ಬೇಡ'. ಅಮ್ಮನೇ ಬೇಡ ಅಂದರೆ ನೀಲಕಂಠನಾದರೂ ಯಾರ ಮೇಲೆ ಸಿಟ್ಟಾಗಬೇಕು? ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಗುರುಸಿದ್ದಯ್ಯ ಕೂಡಲೇ ಒಪ್ಪಿದ.

ಒಪ್ಪಿದವನು ಅಂಗಡಿಗೆ ಹೋಗುವ ನೆಪದಲ್ಲಿ ಗುಡಿಗೆ ಹೋಗಿ ಪೂಜಾರಿ ನರಸಯ್ಯನನ್ನು ಹಿಡಿದ.

"ನರಸಯ್ಯ, ಇವತ್ತು ಎಡಗಡೆ ಹೂವ ಒಸಿ ಸಡ್ಲಾಗಿ ಅಂಟ್ಸು."

"ಅಯ್ಯೋ ಸ್ವಾಮಿ, ಅಮ್ಮನ ತಾವ ಆಟವಾ?"

"ಆಟ ಅಲ್ಲ ಕಣಯ್ಯ, ನನ್ನ ಮನೆ ಉಳಿಯೋ ಪ್ರಶ್ನೆ!"

ನರಸಯ್ಯ ತಲೆ ಕೆರೆದುಕೊಂಡು, "ಆಯ್ತು, ನಡೀರಿ ನೋಡಾನ" ಅಂದ.

ಮಧ್ಯಾಹ್ನದ ಪೂಜೆಗೆ ಎಲ್ಲರೂ ಸೇರಿದರು. ಗುರುಸಿದ್ದಯ್ಯ ಕೈ ಮುಗಿದು, ಗುಡಿಯ ಹೊರಗಿದ್ದವರಿಗೂ ಕೇಳಲೆಂದು ಗಟ್ಟಿಯಾಗಿ ಕೇಳಿದ. "ತಾಯೇ, ನನ್ನ ಬಾಮೈದ ನೀಲಕಂಠನಿಗೆ ಕೆಲಸ ಕೊಡಲೇನಮ್ಮಾ?"

ಹಿಂದೆ ನಿಂತಿದ್ದ ಬಸವಲಿಂಗಮ್ಮನ ಬಾಯಿಂದ "ಅಯ್ಯೋ!" ಎಂದು ಬಂತು. ತಮ್ಮನ ಮೇಲಿನ ಕಾಳಜಿ ಎಂದುಕೊಂಡ ಗುರುಸಿದ್ದಯ್ಯ ಎಡಗಡೆಯ ಹೂವನ್ನೇ ನೋಡುತ್ತಾ ನಿಂತ. ಅದು ಉಡ ಕಚ್ಚಿಕೊಂಡ ಹಾಗೆ ಅಲ್ಲೇ ಕೂತಿತ್ತು. ಬಲಗಡೆಯದು ಸರಕ್ಕನೆ ಜಾರಿ ಅಮ್ಮನ ಪಾದಕ್ಕೆ ಬಿತ್ತು. ನೀಲಕಂಠ ಅಡ್ಡಬಿದ್ದ. ಬೈರಮ್ಮ ಗಲ್ಲ ಗಲ್ಲ ಬಡಿದುಕೊಂಡಳು.

ಜನ ಚದುರಿದ ಮೇಲೆ ಗುರುಸಿದ್ದಯ್ಯ ಪೂಜಾರಿಯನ್ನು ಗುಡಿಯ ಹಿಂದಕ್ಕೆ ಎಳೆದೊಯ್ದ. "ಎಡಗಡೆ ಅಂದಿದ್ನಲ್ಲಯ್ಯ!"

"ನಾನೇನ್ ಮಾಡ್ಲಿ ಸ್ವಾಮಿ? ನೀವತ್ಲಾಗ್ ಹೋದ್ರಿ, ಇತ್ಲಾಗಿಂದ ನಿಮ್ಮನೆ ಅಮ್ಮಾವ್ರು ಬಂದ್ರು. ಬಲಗಡೆ ಹೂವೇ ಬೀಳ್ಬೇಕು ಅಂತ ಕಣ್ಣಲ್ ನೀರಾಕ್ಕೊಂಡ್ರು. ಹೆಣ್ಮಗಳ ಕಣ್ಣೀರ ಮೀರಾಕಾಯ್ತದಾ?"

ಗುರುಸಿದ್ದಯ್ಯ ಬಾಲರಾಜುಗೆ ಫೋನು ಮಾಡಿ 'ಇಲ್ಲ' ಎಂದು ಹೇಳಿ, ಕುದಿಯುತ್ತಾ ಮನೆಗೆ ಬಂದ. ಅಮ್ಮನ ಅಪ್ಪಣೆಯಾದ ಮೇಲೆ ತಡ ಮಾಡಬಾರದೆಂದು ನೀಲಕಂಠ ಆಗಲೇ ಹಿತ್ತಿಲ ಬಾಗಿಲಿಂದ ಅಡಿಗೆಮನೆಗೆ ನುಗ್ಗಿ, ಕಿವಿಗೆ ಹತ್ತಿ ತುರುಕಿಕೊಂಡು, ದಬದಬನೆ ಸುತ್ತಿಗೆ ಬೀಸುತ್ತಿದ್ದ. ಬಸವಲಿಂಗಮ್ಮ ಸಾಮಾನು ಕೋಣೆಯಲ್ಲಿ ಡಬ್ಬಗಳನ್ನು ಎತ್ತಿಡುತ್ತಿದ್ದಳು. ಆ ಸದ್ದಿನಲ್ಲಿ ಮಾತು ಕೇಳಬೇಕಾದರೆ ಕಿರುಚಲೇಬೇಕು.

"ತವರು ಅಂದ್ರೆ ಇಷ್ಟು ಮೋಹವೇನೇ ನಿಂಗೆ? ಪೂಜಾರಿಗೇ ಹೇಳಿಟ್ಟಿದ್ದೀಯ!"

ಬಸವಲಿಂಗಮ್ಮ ರಾಗಿ ಡಬ್ಬ ಧೊಪ್ಪನೆ ಇಟ್ಟಳು. "ಮೋಹವಾ? ಕುದೂರಲ್ಲಿ ಅವ್ನು ಕಟ್ಟಿದ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಉಳುಕಿಸ್ಕೊಂಡೋಳು ನಾನು! ಬಾಯಿಬಿಟ್ಟು ಬ್ಯಾಡ ಅನ್ನಾಕಾಯ್ತದಾ, ತಮ್ಮ ಅಲ್ವಾ? ವಾರದಿಂದ ಬಾಲರಾಜು ಬಾಲರಾಜು ಅಂತಿದ್ರಿ, ಅವನ ಹೆಸ್ರೇ ಕೇಳ್ತೀರಿ ಅಂತ ಬಲಗಡೆ ಹೇಳ್ಬಂದೆ. ನನ್ ತಮ್ಮನ ಹೆಸ್ರು ಕೇಳಿ ಅಂತ ನಿಮಗ್ಯಾರ್ರೀ ಹೇಳಿದ್ದು?"

ಗುರುಸಿದ್ದಯ್ಯನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮದುವೆಯಾದಾಗಿನಿಂದ ಗಂಡಹೆಂಡಿರು ಒಂದೇ ಮನಸ್ಸಾದದ್ದು ಇದೇ ಮೊದಲು, ಅದೂ ಯಾರಿಗೂ ಪ್ರಯೋಜನವಾಗದ ಹಾಗೆ. ಹೆಂಡತಿಯ ಮೇಲೆ ಒಂದು ಕ್ಷಣ ಪ್ರೀತಿ ಉಕ್ಕಿ ಬಂತು.

"ಈಗಲಾದ್ರೂ ಅವ್ನಿಗೆ ನಿಜ ಹೇಳ್ಬುಡಾನ್ವಾ?" ಎಂದಳು ಅವಳು.

"ಏನಂತ ಹೇಳೋದೇ? ಅಮ್ಮನ ಹೂವ ಬೀಳ್ಸಾಕೆ ನಾವಿಬ್ರೂ ಪೂಜಾರಿ ಕೈಲಿ ಮೋಸ ಮಾಡಿಸ್ದೋ ಅಂತಲಾ?"

ಈ ಮಾತನ್ನು ಗುರುಸಿದ್ದಯ್ಯ ಗಂಟಲು ಹರಿಯುವಂತೆ ಕೂಗಿದ ಗಳಿಗೆಗೇ ಸುತ್ತಿಗೆ ನಿಂತಿತು. ಆಗ ಅವನಿಗೆ ಇನ್ನೊಂದು ಕಂಡಿತು. ಇಷ್ಟು ಹೊತ್ತು ಬಡಿದರೂ ಸಾಮಾನು ಕೋಣೆಯ ಗೋಡೆಯಿಂದ ಒಂದು ಚಕ್ಕೆ ಸುಣ್ಣವೂ ಉದುರಿರಲಿಲ್ಲ.

ಇಬ್ಬರೂ ಅಡಿಗೆಮನೆಗೆ ಓಡಿದರು. ನೀಲಕಂಠ ಕಿವಿಯ ಹತ್ತಿ ಕೀಳುತ್ತಾ ನಿಂತಿದ್ದ. "ಬಲಗಡೆ ಗೋಡೆ ಅಂದ್ರಲ್ಲ ಭಾವ? ಹಿತ್ಲಿಂದ ಬಂದ್ರೆ ಬಲಗಡೆ ಇದೇ ಅಲ್ವಾ?"

ಗೋಡೆಯಲ್ಲಿ ಆಳೆತ್ತರಕ್ಕೆ ಕಂಡಿ ಬಿದ್ದಿತ್ತು. ಅದರಾಚೆ ಬೈರಮ್ಮನ ಒಲೆ, ಒಲೆಯ ಮೇಲೆ ಸಾರು, ಸಾರಿನ ಮುಂದೆ ತಲೆಯ ಮೇಲಿನ ಧೂಳನ್ನೂ ಒರೆಸಿಕೊಳ್ಳದೆ ನಗುತ್ತಿದ್ದ ಬೈರಮ್ಮ. ಅವಳು ಗುರುಸಿದ್ದಯ್ಯನನ್ನು ಹತ್ತಿರ ಕರೆದು ದನಿ ತಗ್ಗಿಸಿದಳು.

"ಎಲ್ಲಾ ಕೇಳಿಸ್ತು ಕಣಣ್ಣ. ನಾನ್ಯಾರ್ಗೂ ಹೇಳಾಕಿಲ್ಲ, ನಿಮ್ ಬಾಮೈದಂಗೂ ಹೇಳಾಕಿಲ್ಲ. ಈ ಕಂಡಿ ಮಾತ್ರ ಮುಚ್ಚಿಸ್ಬ್ಯಾಡಿ. ನನ್ ಹಾಲು ಮೊಸ್ರು ನಿಮ್ ಫ್ರಿಜ್ಜಲ್ಲಿಡಾಕೆ ಅನುಕೂಲಾಯ್ತದೆ."

ಹೇಳಿದವಳೇ ಮಜ್ಜಿಗೆಯ ದೊಡ್ಡ ಪಾತ್ರೆಯನ್ನು ಕಂಡಿಯಿಂದ ನೀಡಿದಳು. ಗುರುಸಿದ್ದಯ್ಯ ಅದನ್ನು ಕೈಗೆ ತೆಗೆದುಕೊಂಡು ಫ್ರಿಜ್ಜಿನ ಮುಂದೆ ನಿಂತ. ಬಾಗಿಲು ಎಂದಿನಂತೆ ಅರ್ಧವೇ ತೆರೆಯಿತು.